ತೋಟ, ಬೆಟ್ಟ, ಹಳ್ಳದ ಕಾಡುಜೀವಿಗಳ ಪಟ್ಟಿ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಮನೆ, ಹಿತ್ತಲು, ಅಡಿಕೆ ತೋಟ, ಒಂದಿಷ್ಟು ಗದ್ದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಪಕ್ಕದಲ್ಲೊಂದು ಹಳ್ಳ. ಇಷ್ಟು ಇರುವ ಜಾಗದಲ್ಲಿ ತಾನಾಗಿ ಹುಟ್ಟಿದ ಗಿಡ, ತಾನಾಗಿ ಬಂದು ಬದುಕುವ ಪ್ರಾಣಿಗಳನ್ನು ಬರೆದಿಡುವುದು ಹೇಗೆ ಅಂತ ಅಕ್ಕಪಕ್ಕದ ಊರಿನವರು ಕೇಳುತ್ತಿರುತ್ತಾರೆ. ಅವರು ಕೇಳಿದ ಪ್ರಶ್ನೆಗಳೇ ಇವು. ಬೇರೆ ಕಡೆಯವರಿಗೂ ಬಹುಪಾಲು ಹೊಂದುತ್ತದೆ, ಗಿಡ ಮತ್ತು ಹಕ್ಕಿಗಳ ಹೆಸರು ಮಾತ್ರ ಬದಲಾಗುತ್ತದೆ.

ಇದರಿಂದ ಏನು ಉಪಯೋಗ?

ಹಳ್ಳದ ಬದಿಯ ರಾಮಪತ್ರೆ ಮರ ಮೊದಲು ಎಷ್ಟಿತ್ತು, ಈಗ ಎಷ್ಟಿದೆ? ಮುರುಗಲು ಮೊದಲು ಯಾವ ತಿಂಗಳಲ್ಲಿ ಹಣ್ಣಾಗುತ್ತಿತ್ತು? ಮಿಂಚುಹುಳ ಕಡಿಮೆಯಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಯಾವಾಗಿನಿಂದ? ಬರೆದಿಟ್ಟವರು ಇಲ್ಲದಿದ್ದರೆ ಇದಕ್ಕೆಲ್ಲ ಉತ್ತರ ಸಿಗುವುದಿಲ್ಲ. ವಿಜ್ಞಾನಿಗಳು ಅಭಯಾರಣ್ಯಕ್ಕೆ ಹೋಗುತ್ತಾರೆ, ನಮ್ಮ ತೋಟದ ಅಗಳಕ್ಕೆ (ಅಂಚಿನ ಕಂದಕಕ್ಕೆ) ಬಂದು ನೋಡುವವರು ಕಡಿಮೆ. ವರ್ಷಪೂರ್ತಿ ಅಲ್ಲೇ ಓಡಾಡುವವರು ನಾವು.

ಹೊಸದು ಸಿಗುವುದಕ್ಕೆ ದಟ್ಟ ಕಾಡೇ ಬೇಕು ಅಂತಿಲ್ಲ. ಮಣಿಪಾಲದ ಸುತ್ತಮುತ್ತ, ಮನೆ ರಸ್ತೆಗಳ ನಡುವಿನ ಮುರಕಲ್ಲು (ಇಂಗ್ಲಿಷಿನಲ್ಲಿ ಲ್ಯಾಟರೈಟ್) ಬಯಲಿನಲ್ಲಿ ಒಂದು ಪುಟ್ಟ ಕಪ್ಪೆ ಸಿಕ್ಕಿತು. ಉದ್ದ 2 ಸೆಂಟಿಮೀಟರಿಗೂ ಕಡಿಮೆ. 2016ರಲ್ಲಿ ಅದನ್ನು ಹೊಸ ಜಾತಿ ಎಂದು ವರ್ಣಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲೇ ಮುರಕಲ್ಲು ಇದೆ: ಮೈಕ್ರೊಹೈಲಾ ಲ್ಯಾಟರೈಟ್. ಜನ ದಿನಾ ದಾಟಿ ಹೋಗುತ್ತಿದ್ದ ಜಾಗ ಅದು.

ನನಗೆ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಏನೂ ಗೊತ್ತಿಲ್ಲ. ಆದರೂ ಆಗುತ್ತಾ?

ಖಂಡಿತ ಆಗುತ್ತದೆ. ಮನೆಯವರೆಲ್ಲ ಕೂತು ಗೊತ್ತಿರುವ ಹೆಸರುಗಳನ್ನು ಮೊದಲು ಬರೆಯಿರಿ. ಮತ್ತಿ, ನಂದಿ, ಹೊನ್ನೆ, ನೇರಳೆ, ಉಪ್ಪಾಗೆ, ಮುರುಗಲು, ವಾಟೆ, ಸುರಗಿ, ಬಗನಿ, ಕೌಲು, ಕವಳಿ, ನೆಲ್ಲಿ, ಹೆಬ್ಬಲಸು. ಹಕ್ಕಿಯಲ್ಲಿ ಪಿಕಳಾರ, ಮಡಿವಾಳ, ಕೆಂಬೂತ, ಮರಕುಟಿಗ, ಕಾಜಾಣ. ಒಂದು ಸಂಜೆಯಲ್ಲಿ ಪುಟಗಟ್ಟಲೆ ತುಂಬುತ್ತದೆ. ನಿಮಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದು ತಪ್ಪು ಅಂತ ಆಗಲೇ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ಮಾತು. ಸೊಪ್ಪು ತರಲು, ದರಕು (ಉದುರಿದ ಒಣ ಎಲೆ) ಗುಡಿಸಲು ಬೆಟ್ಟಕ್ಕೆ ಹೋಗುವ ಹೆಂಗಸರಿಗೆ, ದನ ಕಾಯುವವರಿಗೆ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಜಮೀನಿನ ಯಜಮಾನರಿಗಿಂತ ಜಾಸ್ತಿ ಗೊತ್ತಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ಓಡಾಡಿ. ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ ಬರೆಯಿರಿ, ಅವರು ಒಪ್ಪಿದರೆ. ಎಷ್ಟೋ ಪಟ್ಟಿಗಳಲ್ಲಿ ಈ ಜನರ ಅರಿವು ಇರುತ್ತದೆ, ಹೆಸರು ಇರುವುದಿಲ್ಲ. ಅದು ನನಗೆ ಸರಿ ಕಾಣುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಜಾಗವನ್ನು ತುಂಡು ಮಾಡಿಕೊಳ್ಳುವುದರಿಂದ. ಒಂದು ಹಾಳೆಯಲ್ಲಿ ಕೈಯಲ್ಲೇ ನಕ್ಷೆ ಬರೆಯಿರಿ. ಸರ್ವೆ ನಂಬರಿನ ಅಳತೆ ಬೇಡ. ಮನೆ-ಹಿತ್ತಲು, ಮೇಲಿನ ತೋಟ, ಕೆಳಗಿನ ತೋಟ, ಗದ್ದೆ, ಬೇಣ (ಹುಲ್ಲುಗಾವಲು), ಬೆಟ್ಟ, ಹಳ್ಳ, ಕೆರೆ, ನಾಗಬನ. ಒಂದೊಂದಕ್ಕೂ ಒಂದು ಅಕ್ಷರ ಕೊಡಿ. ಮುಂದೆ ಏನು ಕಂಡರೂ ಆ ಅಕ್ಷರ ಸೇರಿಸಿ ಬರೆದರೆ ಆಯಿತು.

ಯಾಕೆ ಅಂದರೆ ಬೇಣದ ಹುಲ್ಲಿನಲ್ಲಿ ಇರುವುದು ತೋಟದ ನೆರಳಿನಲ್ಲಿ ಇರುವುದಿಲ್ಲ. ಒಂದೇ ಜಮೀನಿನ ಒಳಗೆ ನಾಲ್ಕಾರು ಬೇರೆ ಬೇರೆ ಲೋಕ ಇರುತ್ತವೆ. ಹಳ್ಳದ ಬದಿಯಲ್ಲಿ ಜೌಗು ಜಡ್ಡಿ ಇದ್ದು, ಅಲ್ಲಿ ರಾಮಪತ್ರೆ ಜಾತಿಯ ಮರಗಳು ಮಂಡಿಯ ಹಾಗೆ ಮಡಚಿದ ಬೇರುಗಳನ್ನು ಮಣ್ಣಿನಿಂದ ಮೇಲೆತ್ತಿ ನಿಂತಿದ್ದರೆ ಅದನ್ನು ಪ್ರತ್ಯೇಕವಾಗಿ ಗುರುತು ಹಾಕಿ. ಇಂಥ ಜಡ್ಡಿಗಳು ಪಶ್ಚಿಮ ಘಟ್ಟದಲ್ಲಿ ಬಹಳ ಕಡಿಮೆ ಉಳಿದಿವೆ. ಎಷ್ಟೋ ಕಡೆ ಗದ್ದೆ, ತೋಟ ಆಗಿದ್ದೂ ಇವೇ ಜಾಗಗಳು.

ಒಂದು ದಾಖಲೆ ಅಂದರೆ ಏನೇನು ಬರೆಯಬೇಕು?

ಏನು ಕಂಡಿದ್ದು, ಎಲ್ಲಿ, ಯಾವ ದಿನ, ಯಾರಿಗೆ ಕಂಡಿದ್ದು, ಯಾವ ಸಾಕ್ಷಿ. ಈ ಐದು ಇಲ್ಲದಿದ್ದರೆ ಅದನ್ನು ದಾಖಲೆ ಅನ್ನಬೇಡಿ. ಸಾಕ್ಷಿ ಅಂದರೆ ಫೋಟೋ, ಧ್ವನಿ, ಹೆಜ್ಜೆ ಗುರುತು, ಹಿಕ್ಕೆ, ಅಥವಾ ‘ಕಣ್ಣಾರೆ ಕಂಡಿದ್ದು ಮಾತ್ರ’. ಎಣಿಸಲು ಆದರೆ ಸಂಖ್ಯೆ ಬರೆಯಿರಿ. ಏನು ಮಾಡುತ್ತಿತ್ತು ಅಂತ ಒಂದು ಸಾಲು ಇದ್ದರೆ ಇನ್ನೂ ಒಳ್ಳೆಯದು: ಹೂ ಬಿಟ್ಟಿತ್ತು, ಗೂಡಿಗೆ ನಾರು ಒಯ್ಯುತ್ತಿತ್ತು, ಬಗನಿ ಹಣ್ಣು ತಿನ್ನುತ್ತಿತ್ತು.

ಉದಾಹರಣೆಗೆ ‘ಮಂಗಟ್ಟೆ ಇದೆ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಬೆಟ್ಟದ ಮೇಲಿನ ಆಲದ ಮರ, ಫೆಬ್ರವರಿ ಎರಡನೇ ವಾರ, ಬೆಳಿಗ್ಗೆ, ಜೋಡಿ, ಹಣ್ಣು ತಿನ್ನುತ್ತಿದ್ದವು’ ಅಂತ ಬರೆದರೆ ಮುಂದಿನ ವರ್ಷ ಅದೇ ಮರದ ಕೆಳಗೆ ಹೋಗಿ ನಿಲ್ಲಬಹುದು.

ಇಂಗ್ಲಿಷ್ ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಯಿರಿ ಅಂತ ನಾನು ಹೇಳುತ್ತೇನೆ. ಜೂನ್ 8ರ ಸುಮಾರಿಗೆ ಮೃಗಶಿರ, 22ರ ಸುಮಾರಿಗೆ ಆರಿದ್ರಾ. ಹಿರಿಯರು ‘ಆರಿದ್ರಾ ಮಳೆಯಲ್ಲಿ ಏಳುವ ಅಣಬೆ’ ಅಂತಲೇ ನೆನಪಿಟ್ಟಿರುತ್ತಾರೆ. ಅವರ ನೆನಪಿಗೂ ನಿಮ್ಮ ಪುಸ್ತಕಕ್ಕೂ ತಾಳೆ ನೋಡಲು ಅನುಕೂಲ.

ಪುಸ್ತಕದಲ್ಲಿ ಬರೆಯಲಾ, ಮೊಬೈಲಿನಲ್ಲಾ?

ಎರಡೂ ಬೇಕು. ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಫೋಟೋ ತೆಗೆದರೆ ದಿನ, ಸಮಯ, ಜಾಗ ತಾನಾಗಿ ಸೇರುತ್ತದೆ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ದಟ್ಟ ಮರದ ಕೆಳಗೆ ಸ್ವಲ್ಪ ಹೊತ್ತು ಕಾಯಬೇಕು. ಒಂದು ಎಚ್ಚರಿಕೆ: ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋದಲ್ಲಿ ಈ ಮಾಹಿತಿ ಉಳಿಯುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಮೂಲ ಫೋಟೋವನ್ನೇ ಇಟ್ಟುಕೊಳ್ಳಿ.

ಪುಸ್ತಕ ಯಾಕೆ ಅಂದರೆ ಮೊಬೈಲ್ ಹಾಳಾಗುತ್ತದೆ, ಬದಲಾಗುತ್ತದೆ. ಗಟ್ಟಿ ರಟ್ಟಿನ ಉದ್ದ ಪುಸ್ತಕ ಸಾಕು. ಮಳೆಗಾಲಕ್ಕೆ ಸೀಸದ ಕಡ್ಡಿಯೇ ವಾಸಿ, ಒದ್ದೆಯಾದರೂ ಅಕ್ಷರ ಹರಡುವುದಿಲ್ಲ.

ಗಿಡದ ಫೋಟೋ ಹೇಗೆ ತೆಗೆದರೆ ಹೆಸರು ಹಿಡಿಯಲು ಆಗುತ್ತದೆ?

ಎಲ್ಲರೂ ಹೂವಿನದೊಂದು ಚೆಂದದ ಫೋಟೋ ಕಳಿಸುತ್ತಾರೆ. ಅದರಿಂದ ಅರ್ಧ ಕೆಲಸವೂ ಆಗುವುದಿಲ್ಲ. ಒಂದು ಗಿಡಕ್ಕೆ ಇಷ್ಟು ಬೇಕು: ದೂರದಿಂದ ಇಡೀ ಗಿಡ, ಎಲೆಯ ಮೇಲ್ಭಾಗ ಮತ್ತು ಅಡಿಭಾಗ, ಎಲೆಗಳು ಕೊಂಬೆಯ ಮೇಲೆ ಎದುರುಬದುರು ಜೋಡಿಸಿವೆಯೋ ಒಂದಾದ ಮೇಲೊಂದು ಬಂದಿವೆಯೋ ಕಾಣುವ ಹಾಗೆ ಕೊಂಬೆ, ಹೂವಿನ ಎದುರು ಮತ್ತು ಪಕ್ಕ, ಕಾಯಿ, ಮರವಾದರೆ ತೊಗಟೆ. ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ನಾಣ್ಯ ಇಡಿ.

ಫೋಟೋದಲ್ಲಿ ಬರದ ವಿಷಯಗಳನ್ನು ಬರೆಯಿರಿ. ಎಲೆ ಉಜ್ಜಿದರೆ ಯಾವ ವಾಸನೆ, ಮುರಿದರೆ ಹಾಲು ಬರುತ್ತದಾ, ಬಂದರೆ ಯಾವ ಬಣ್ಣ. ಕಾಡುಮಾವಿನ ವಿಷಯದಲ್ಲಿ ನಮ್ಮವರು ಇದನ್ನು ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ, ಇದು ಜೀರಿಗೆ ವಾಸನೆಯದ್ದು, ಇದು ಕರ್ಪೂರದ್ದು ಅಂತ ಮರಕ್ಕೆ ಮರ ಬೇರೆ ಹೇಳುತ್ತಾರೆ. ಹಳ್ಳದ ಬದಿಯ ಅಪ್ಪೆಮಿಡಿ ಮರಗಳನ್ನು ಒಂದೊಂದನ್ನೂ ಬೇರೆ ಬೇರೆ ದಾಖಲೆ ಮಾಡಿ: ಹೆಸರು, ವಾಸನೆ, ಮಿಡಿಯ ಆಕಾರ, ಉಪ್ಪಿನಲ್ಲಿ ಎಷ್ಟು ವರ್ಷ ಗಟ್ಟಿಯಾಗಿ ನಿಲ್ಲುತ್ತದೆ. ಮಿಡಿ ಕೊಯ್ಯಲು ಕೊಂಬೆಗಳನ್ನೇ ಕಡಿದು ಮರಗಳು ಹಾಳಾಗಿವೆ. ಇರುವುದನ್ನಾದರೂ ಗುರುತಿಸಿಟ್ಟುಕೊಳ್ಳಬೇಕು.

ಆದರೆ ಗೊತ್ತಿಲ್ಲದ ಮರದ ಸೊನೆಗೆ ಕೈ ಹಾಕಬೇಡಿ. ಹೊಲಗೇರು, ಕಾಡುಗೇರಿನ ಸೊನೆ ತಾಗಿದರೆ ಮೈ ಸುಟ್ಟ ಹಾಗೆ ಬೊಕ್ಕೆ ಏಳುತ್ತದೆ, ಕೆಲವರಿಗೆ ಮುಖವೇ ಊದಿಕೊಳ್ಳುತ್ತದೆ.

ಊರಿನ ಹೆಸರು ಬರೆದರೆ ಸಾಕಾ, ವೈಜ್ಞಾನಿಕ ಹೆಸರೂ ಬೇಕಾ?

ಊರಿನ ಹೆಸರು ಮೊದಲು. ಅದನ್ನು ಯಾರು, ಯಾವ ಊರಿನಲ್ಲಿ ಹೇಳಿದರು ಅನ್ನುವುದೂ ಇರಲಿ. ವೈಜ್ಞಾನಿಕ ಹೆಸರು ಗೊತ್ತಾದಾಗ ಪಕ್ಕದಲ್ಲಿ ಸೇರಿಸಿ, ಗೊತ್ತಾಗುವವರೆಗೆ ಆ ಜಾಗ ಖಾಲಿ ಬಿಡಿ. ಬ್ರಾಹ್ಮಿ ಅಂತ ಕೆಲವು ಕಡೆ ಒಂದೆಲಗಕ್ಕೆ ಹೇಳುತ್ತಾರೆ, ಕೆಲವು ಕಡೆ ನೀರು ಬ್ರಾಹ್ಮಿಗೆ. ಎರಡೂ ಪೂರ್ತಿ ಬೇರೆ ಗಿಡ. ಇಂಥ ಕಡೆ ವೈಜ್ಞಾನಿಕ ಹೆಸರು ಉಪಕಾರಕ್ಕೆ ಬರುತ್ತದೆ.

ಹಾಗಂತ ಅದೂ ಶಾಶ್ವತ ಅಲ್ಲ. ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಬೇರೆಯದೇ ಜಾತಿ ಎಂದು 2024ರಲ್ಲಿ ಗುರುತಿಸಿ, ಕನ್ನಡದ ‘ಕಾಳಿಂಗ’ವನ್ನೇ ಅದರ ಹೆಸರಿಗೆ ತೆಗೆದುಕೊಂಡರು. ಹಳೆಯ ಹೆಸರಿನಲ್ಲಿ ಬರೆದಿಟ್ಟವರಿಗೆ ಏನೂ ನಷ್ಟ ಆಗಲಿಲ್ಲ. ದಿನ, ಜಾಗ, ಫೋಟೋ ಇದ್ದರೆ ಹೆಸರು ತಿದ್ದಿಕೊಂಡರೆ ಆಯಿತು.

ಆ್ಯಪ್ ಹೇಳುವ ಹೆಸರನ್ನು ನಂಬಬಹುದಾ?

ಸೂಚನೆ ಅಂತ ತೆಗೆದುಕೊಳ್ಳಿ. ಐನ್ಯಾಚುರಲಿಸ್ಟ್‌ನಲ್ಲಿ ಗಿಡ, ಹುಳ, ಪ್ರಾಣಿ ಎಲ್ಲವನ್ನೂ ಹಾಕಬಹುದು. ಫೋಟೋ ನೋಡಿ ಅದು ಒಂದಿಷ್ಟು ಹೆಸರು ಸೂಚಿಸುತ್ತದೆ, ಆಮೇಲೆ ತಿಳಿದವರು ಬಂದು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ನಮ್ಮ ದೇಶದ್ದೇ, ನಮ್ಮ ಗಿಡಗಳ ವಿಷಯದಲ್ಲಿ ಅಲ್ಲಿನವರ ಸಹಾಯ ಚೆನ್ನಾಗಿ ಸಿಗುತ್ತದೆ. ಹಕ್ಕಿಗೆ ಇಬರ್ಡ್.

ಪಶ್ಚಿಮ ಘಟ್ಟದಲ್ಲಿ ಮಾತ್ರ ಸಿಗುವ ಗಿಡ, ಕಪ್ಪೆಗಳಲ್ಲಿ ಆ್ಯಪ್ ಎಡವುವುದು ಜಾಸ್ತಿ. ಹತ್ತಿರದ ಯಾವುದೋ ಹೆಸರಾಂತ ಜಾತಿಯ ಹೆಸರು ಹೇಳಿಬಿಡುತ್ತದೆ. ಖಾತ್ರಿ ಇಲ್ಲದಿದ್ದರೆ ‘ಅತ್ತಿ ಜಾತಿ, ಯಾವುದು ತಿಳಿದಿಲ್ಲ’ ಎಂದು ಬರೆದು ಬಿಡಿ. ಗೊತ್ತಿಲ್ಲ ಅಂತ ಬರೆದ ದಾಖಲೆ ಮುಂದೆ ತಿದ್ದಲು ಬರುತ್ತದೆ. ಗೊತ್ತಿದ್ದವರ ಹಾಗೆ ಬರೆದ ತಪ್ಪು ಹೆಸರನ್ನು ಯಾರೂ ಮತ್ತೆ ಪರೀಕ್ಷೆ ಮಾಡುವುದಿಲ್ಲ.

ಹಕ್ಕಿಗಳನ್ನು ಎಣಿಸುವುದು ಹೇಗೆ? ಒಂದೇ ಹಕ್ಕಿಯನ್ನು ಎರಡು ಸಲ ಲೆಕ್ಕ ಹಾಕಿದರೆ?

ಒಂದು ಜಾಗದಲ್ಲಿ 15 ನಿಮಿಷ ನಿಂತು, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನೂ ಬರೆಯಿರಿ. ಕಾಗೆ, ಮೈನಾ ಬಿಡಬೇಡಿ. ಒಟ್ಟಿಗೆ ಕಂಡಿದ್ದು ಹೆಚ್ಚೆಂದರೆ ಎಷ್ಟು ಅನ್ನುವುದನ್ನು ಸಂಖ್ಯೆ ಅಂತ ಇಟ್ಟುಕೊಂಡರೆ ಎರಡೆರಡು ಸಲ ಎಣಿಸುವ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬೆಳಿಗ್ಗೆ ಆರೂವರೆಯಿಂದ ಎಂಟರ ಒಳಗೆ ಒಳ್ಳೆಯ ಹೊತ್ತು.

ನಮ್ಮ ಕಡೆ ಅರ್ಧಕ್ಕರ್ಧ ಹಕ್ಕಿ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಬೀಳುತ್ತದೆ. ಕುಟ್ರು ಹಕ್ಕಿ ದಿನವಿಡೀ ಕೂಗುತ್ತದೆ, ಎಲೆ ಹಸಿರಿನಲ್ಲಿ ಕಾಣುವುದೇ ಇಲ್ಲ. ಮಳೆಗಾಲದ ಬೆಳಗಿನ ಜಾವ ಹಳ್ಳದ ಕಡೆಯಿಂದ ಯಾರೋ ಹುಡುಗ ಸಿಳ್ಳೆ ಹಾಕುತ್ತಾ ಹೋದಂತೆ ಕೇಳಿದರೆ ಅದು ಸರಳೆ ಸಿಳ್ಳಾರ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಬೇಡ. ಆದರೆ ಭೀಮರಾಜ ಹತ್ತಾರು ಹಕ್ಕಿಗಳ ಕೂಗನ್ನು ಅಣಕಿಸುತ್ತದೆ. ಆ್ಯಪ್‌ನಲ್ಲಿ ಒಂದೇ ಕಡೆಯಿಂದ ಸಾಲಾಗಿ ಬೇರೆ ಬೇರೆ ಹೆಸರು ಬರುತ್ತಿದ್ದರೆ ಮೊದಲು ಆ ಮರದಲ್ಲಿ ಎರಡು ಉದ್ದ ತಂತಿ ಬಾಲ ಇದೆಯಾ ನೋಡಿ.

ವಲಸೆ ಹಕ್ಕಿ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎರಡನ್ನೂ ತಪ್ಪದೆ ಬರೆಯಿರಿ. ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಆಮೇಲೆ ನವರಂಗ, ತೋಟದ ದರಕಿನಲ್ಲಿ ಕೆದಕುತ್ತಾ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಪ್ರಪಂಚದಾದ್ಯಂತ ಮನೆಯ ಸುತ್ತಲಿನ ಹಕ್ಕಿ ಎಣಿಕೆ ನಡೆಯುತ್ತದೆ. ಶುರು ಮಾಡುವವರಿಗೆ ಅದು ಒಳ್ಳೆಯ ನೆಪ.

ರಾತ್ರಿ ಓಡಾಡುವ ಪ್ರಾಣಿಗಳು ಕಾಣುವುದೇ ಇಲ್ಲ. ಅವನ್ನು ಬರೆಯುವುದು ಹೇಗೆ?

ಅವು ಬಿಟ್ಟು ಹೋದದ್ದನ್ನು ನೋಡಬೇಕು. ಬಂಡೆಯ ಮೇಲೆ, ಕಾಲುದಾರಿಯ ನಡುವೆ ಬಗನಿ ಬೀಜಗಳೇ ತುಂಬಿರುವ ಹಿಕ್ಕೆ ಕಂಡರೆ ಕಬ್ಬೆಕ್ಕು ಬಂದು ಹೋಗಿದೆ. ಕಾಫಿ ಇದ್ದವರಿಗೆ ಕಾಫಿ ಬೀಜದ ಹಿಕ್ಕೆ ಗೊತ್ತೇ ಇದೆ. ಹೊಳೆ ನಡುವಿನ ಕಲ್ಲಿನ ಮೇಲೆ ಏಡಿ ಚಿಪ್ಪಿನ ಚೂರು, ಮೀನಿನ ಹುರುಪೆ ಸೇರಿದ, ಮೀನು ವಾಸನೆಯ ಹಿಕ್ಕೆ ನೀರುನಾಯಿಯದ್ದು. ಹುತ್ತವನ್ನು ಅಡ್ಡಡ್ಡ ಸೀಳಿ ಕೆದಕಿದ್ದರೆ ಚಿಪ್ಪುಹಂದಿ ಇರಬಹುದು. ಕರಡಿ ಇರುವ ಕಡೆ ಅದೂ ಹುತ್ತ ಒಡೆಯುತ್ತದೆ, ಹಾಗಾಗಿ ಸುತ್ತ ಉಗುರು ಗುರುತು, ಹೆಜ್ಜೆ ಹುಡುಕಿ. ಗದ್ದೆ ಅಂಚನ್ನು ಉತ್ತ ಹಾಗೆ ಮಾಡುವುದು ಕಾಡುಹಂದಿ.

ಹೆಜ್ಜೆ ಗುರುತಿಗೆ ಒಂದು ಸುಲಭ ದಾರಿ ಇದೆ. ಪ್ರಾಣಿ ದಾಟುವ ಕಡೆ ಮಣ್ಣನ್ನು ಸಂಜೆ ಕೈಯಲ್ಲಿ ಸಮ ಮಾಡಿ, ಮೇಲೆ ಸೋಸಿದ ಸಣ್ಣ ಮಣ್ಣು ಉದುರಿಸಿ. ಬೆಳಿಗ್ಗೆ ಬಿಸಿಲೇರುವ ಮೊದಲು, ಬೆಳಕು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಕ್ಯಾಮೆರಾ ಟ್ರ್ಯಾಪ್ ನಿಮ್ಮ ಸ್ವಂತ ಜಾಗದಲ್ಲಿ ಇಡಬಹುದು. ಅರಣ್ಯದಲ್ಲಿ ಇಡಲು ಇಲಾಖೆಯ ಅನುಮತಿ ಬೇಕೇ ಬೇಕು.

ಮುಳ್ಳುಹಂದಿಯ ಮುಳ್ಳು, ಚಿಪ್ಪುಹಂದಿಯ ಚಿಪ್ಪು, ಹಕ್ಕಿಯ ಮೊಟ್ಟೆ, ಗೂಡು ಇವನ್ನು ಮನೆಗೆ ತಂದು ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತೊಂದರೆ ಆಗುತ್ತದೆ. ಫೋಟೋ ಸಾಕು.

ಹಾವನ್ನು ಗುರುತಿಸಲು ಹತ್ತಿರ ಹೋಗಬೇಕಾ?

ಬೇಡ. ದೂರದಿಂದ ಜೂಮ್ ಮಾಡಿ ತೆಗೆದ ಮಸುಕು ಫೋಟೋ ಇದ್ದರೂ ನಡೆಯುತ್ತದೆ. ಫೋಟೋ ಸಿಗದಿದ್ದರೆ ‘ಹಾವು, ಯಾವುದು ತಿಳಿಯಲಿಲ್ಲ’ ಅಂತ ಬರೆಯಿರಿ. ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ಫೋಟೋವನ್ನು ಮನೆಯವರೆಲ್ಲ ಚೆನ್ನಾಗಿ ನೋಡಿಟ್ಟುಕೊಳ್ಳಿ. ಕಟ್ಟುಹಾವಿನ ಹಾಗೇ ಪಟ್ಟೆ ಇರುವ ವಿಷವಿಲ್ಲದ ಹಾವೂ ಇದೆ, ಕಂಡಿದ್ದು ಆ ವಿಷವಿಲ್ಲದ ಹಾವೇ ಅಂತ ಧೈರ್ಯ ಮಾಡಿ ಹಿಡಿಯಲು ಹೋಗಬಾರದು. ತೋಟದ ಗೊರಬಲು, ಹಾಳೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಲ್ಲಿ ಸರಿಸಿ. ಕಚ್ಚಿದರೆ ಮೊದಲ ಕೆಲಸ 108ಕ್ಕೆ ಫೋನ್, ನೇರ ಆಸ್ಪತ್ರೆ.

ಹಾವು ಬಿಟ್ಟ ಪೊರೆ ಒಳ್ಳೆಯ ಸಾಕ್ಷಿ. ತಲೆಯ ಭಾಗ ಮತ್ತು ಬೆನ್ನಿನ ಹುರುಪೆ ಸ್ಪಷ್ಟ ಕಾಣುವ ಹಾಗೆ ಫೋಟೋ ತೆಗೆದರೆ ತಿಳಿದವರು ಎಷ್ಟೋ ಸಲ ಹೆಸರು ಹೇಳುತ್ತಾರೆ.

ಕಪ್ಪೆಗಳಿಗೆ ಅಷ್ಟು ಮಹತ್ವ ಯಾಕೆ?

ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಬಹುಪಾಲು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಿಮ್ಮ ಹಳ್ಳದಲ್ಲಿ ಕೂಗುವುದು ಹತ್ತು ಊರಿನ ಆಚೆ ಇಲ್ಲದಿರಬಹುದು. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಯಲ್ಲಿ ಸಿಕ್ಕಿದ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಜಾತಿ ಎಂದು ವರ್ಣಿಸಿದರು. ಮೊಟ್ಟೆ ಇಟ್ಟ ಮೇಲೆ ಗಂಡು ಕಪ್ಪೆ ಮುಂಗಾಲಿನಲ್ಲಿ ತೊರೆಯ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದಕ್ಕೇ ಆ ಹೆಸರು.

ಮಳೆ ಹಿಡಿದ ಮೊದಲ ವಾರಗಳಲ್ಲಿ ಕೆರೆಯ ಮೇಲೆ ಬಾಗಿದ ಕೊಂಬೆಗಳನ್ನು ನೋಡಿ. ಎಲೆಗಳ ನಡುವೆ ಬಿಳಿ ನೊರೆಯ ಮುದ್ದೆ ಅಂಟಿಕೊಂಡಿದ್ದರೆ ಅದು ಹಾರುವ ಕಪ್ಪೆಯ ಗೂಡು. ಮೊದಲು ನೊರೆ ಮೆತ್ತಗೆ, ಒದ್ದೆಯಾಗಿರುತ್ತದೆ. ಆಮೇಲೆ ಹೊರಗಿನ ಪದರ ಒಣಗಿ ಹಳದಿಗೆ ತಿರುಗುತ್ತದೆ, ಒಳಗೆ ತೇವ ಹಾಗೇ ಇರುತ್ತದೆ. ಮೊಟ್ಟೆ ಒಡೆದ ಗೊದಮೊಟ್ಟೆಗಳು ಮಳೆಗೆ ನೊರೆ ಕರಗಿದಾಗ ಕೆಳಗಿನ ನೀರಿಗೆ ಬೀಳುತ್ತವೆ. ಆ ಕೊಂಬೆಯನ್ನು ಅಡ್ಡ ಬಂತು ಅಂತ ಸವರಿಬಿಟ್ಟರೆ ಅಷ್ಟೂ ಹೋಯಿತು. ನೊರೆ ಮುಟ್ಟಬೇಡಿ, ಗೂಡು ಎಷ್ಟು, ನೀರಿನಿಂದ ಎಷ್ಟು ಎತ್ತರ, ಯಾವ ಗಿಡದ ಮೇಲೆ ಅನ್ನುವುದನ್ನು ಬರೆಯಿರಿ.

ಪೊದೆಗಳಲ್ಲಿ ‘ಟಿಕ್ ಟಿಕ್’ ಅನ್ನುವ ಉಗುರಿನಷ್ಟು ಪುಟ್ಟ ಕಪ್ಪೆಗಳಿವೆ. ಇವುಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯಿಂದ ನೇರ ಮರಿಕಪ್ಪೆ ಹೊರಬರುತ್ತದೆ. ನೋಡಿ ಹೆಸರು ಹೇಳುವುದು ಕಷ್ಟ, ಕೂಗು ಮಾತ್ರ ಒಂದೊಂದರದ್ದು ಬೇರೆ. ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ. ಜಮೀನಿನ ಎಲ್ಲ ಜೀವಿಗಳಲ್ಲಿ ಒಂದನ್ನೇ ಆರಿಸಿ ಬರೆಯಿರಿ ಅಂದರೆ ನಾನು ಕಪ್ಪೆಯನ್ನೇ ಆರಿಸುತ್ತೇನೆ. ಔಷಧಿ ಹೊಡೆದರೆ, ನೀರು ಬತ್ತಿದರೆ, ಪೊದೆ ಸವರಿದರೆ ಮೊದಲು ಪೆಟ್ಟು ಬೀಳುವುದು ಇವಕ್ಕೆ.

ಹುಳಹುಪ್ಪಟೆ ಲೆಕ್ಕವಿಲ್ಲದಷ್ಟಿವೆ. ಎಲ್ಲವನ್ನೂ ಬರೆಯಲು ಆಗುತ್ತಾ?

ಆಗುವುದಿಲ್ಲ, ಬೇಡ ಕೂಡ. ಸುಲಭವಾದ ಒಂದೆರಡು ಗುಂಪು ಆರಿಸಿಕೊಳ್ಳಿ. ಜೇನಿನಿಂದ ಶುರು ಮಾಡಬಹುದು: ಹೆಜ್ಜೇನು, ತುಡುವೆ, ಕೋಲುಜೇನು, ಮಿಸರಿ. ಯಾವುದು ಎಲ್ಲಿ ಗೂಡು ಕಟ್ಟಿದೆ, ಯಾವ ಹೂವಿಗೆ ಬರುತ್ತದೆ. ಆಮೇಲೆ ಚಿಟ್ಟೆ. ಚಿಟ್ಟೆಯ ಜೊತೆಗೆ ಅದು ಮೊಟ್ಟೆ ಇಡುವ ಗಿಡವನ್ನೂ ಬರೆದರೆ ಎರಡು ದಾಖಲೆ ಒಟ್ಟಿಗೆ ಆಗುತ್ತದೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳ ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನೇ ತಿನ್ನುತ್ತದೆ. ಬೇಲಿ ಸ್ವಚ್ಛ ಮಾಡುವಾಗ ಆ ಬಳ್ಳಿ ಕಿತ್ತರೆ ಚಿಟ್ಟೆಗೆ ಮೊಟ್ಟೆ ಇಡಲು ಜಾಗವಿಲ್ಲ. ಕರಿಬೇವು, ಲಿಂಬೆ ಎಲೆ ತಿನ್ನುವ ಹುಳವೂ ಮುಂದೆ ಚಿಟ್ಟೆಯೇ.

ರಾತ್ರಿ ಜಗುಲಿಯಲ್ಲಿ ಬಿಳಿ ಪಂಚೆ ಕಟ್ಟಿ ಹಿಂದೆ ದೀಪ ಹಾಕಿದರೆ ಪತಂಗಗಳು ಬಂದು ಕೂರುತ್ತವೆ. ಒಂದೆರಡು ತಾಸು ಸಾಕು, ಆಮೇಲೆ ದೀಪ ಆರಿಸಿ.

ಕಳೆ, ಹೊರಗಿನಿಂದ ಬಂದ ಗಿಡ, ನಾವೇ ನೆಟ್ಟದ್ದು, ಇವೂ ಪಟ್ಟಿಯಲ್ಲಿ ಬೇಕಾ?

ಕಳೆ ಬೇಕು. ಯುಪಟೋರಿಯಂ, ಲಂಟಾನ, ಕಾಂಗ್ರೆಸ್ ಗಿಡ ಎಲ್ಲಿವೆ, ಹಬ್ಬುತ್ತಿವೆಯಾ ಅನ್ನುವುದು ಬೇಣದ ಭವಿಷ್ಯವನ್ನೇ ಹೇಳುತ್ತದೆ. ಅಕೇಶಿಯಾ ತಾನಾಗಿ ಸಸಿಯಾಗುತ್ತಿದ್ದರೆ ಅದನ್ನೂ ಬರೆಯಿರಿ. ನೆಟ್ಟ ಗಿಡಕ್ಕೆ ‘ನೆಟ್ಟದ್ದು’ ಅಂತ ಗುರುತು ಹಾಕಿ ಬೇರೆ ಇಡಿ, ಅಷ್ಟೇ.

ಯಾವ ಕಾಲ ಒಳ್ಳೆಯದು?

ಒಂದು ಕಾಲ ಅಂತಿಲ್ಲ. ಮೇ ಕೊನೆಯಲ್ಲಿ ಮಿಂಚುಹುಳ, ಮರದ ಮೇಲೆ ಸೀತಾಳೆ ದಂಡೆ ಅನ್ನುವ ಆರ್ಕಿಡ್ ಹೂ. ಜೂನ್, ಜುಲೈ ಕಪ್ಪೆ, ಅಣಬೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೇಣ ಮತ್ತು ಮುರಕಲ್ಲು ಹಾಸಿನ ಸಣ್ಣ ಹೂಗಳು, ಚಿಟ್ಟೆ. ಚಳಿಗಾಲ ಹಕ್ಕಿಗೆ. ಬೇಸಿಗೆಯಲ್ಲಿ ಕಾಡುಹಣ್ಣು, ಹಾಗೆಯೇ ನೀರಿನ ಗುಂಡಿಯ ಹತ್ತಿರ ಪ್ರಾಣಿಗಳ ಹೆಜ್ಜೆ. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಯಾರಿಗೂ ಬಿಡುವಿರುವುದಿಲ್ಲ, ಆಗ ಅಂಗಳದಲ್ಲಿ ಕಂಡಿದ್ದನ್ನಾದರೂ ಬರೆದಿಡಿ.

ಬೆಟ್ಟದಲ್ಲಿ ಓಡಾಡುವಾಗ ಯಾವುದಕ್ಕೆ ಹುಷಾರಾಗಿರಬೇಕು?

ಮಳೆಗಾಲದಲ್ಲಿ ಉಂಬಳ. ಅದರಿಂದ ಕಿರಿಕಿರಿ ಅಷ್ಟೆ. ನಿಜವಾದ ಅಪಾಯ ಮಂಗನ ಕಾಯಿಲೆ ಹರಡುವ ಉಣುಗಿನದ್ದು. ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಕಾಯಿಲೆ ಇರುವ ಸೀಮೆಯಲ್ಲಿ ಆ ತಿಂಗಳುಗಳಲ್ಲಿ ಪಟ್ಟಿಗೋಸ್ಕರ ಅಂತ ಬೆಟ್ಟ ಹತ್ತಲೇಬೇಡಿ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ, ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಫೋಟೋ ತೆಗೆಯಲು ಹತ್ತಿರ ಹೋಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಅಪರೂಪದ ಪ್ರಾಣಿ ಇದೆ ಅಂತ ಬರೆದರೆ ಜಮೀನು ಸರ್ಕಾರಕ್ಕೆ ಹೋಗುತ್ತಾ?

ಈ ಭಯ ತುಂಬಾ ಜನರಿಗಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಪಟ್ಟಿ ಮಾಡಿದ ಮಾತ್ರಕ್ಕೆ ಜಮೀನಿನ ಹಕ್ಕು ಬದಲಾಗುವುದಿಲ್ಲ. ವನ್ಯಜೀವಿ ಕಾಯ್ದೆ ನೀವು ಬರೆದರೂ ಅನ್ವಯಿಸುತ್ತದೆ, ಬರೆಯದಿದ್ದರೂ ಅನ್ವಯಿಸುತ್ತದೆ. ಸೊಪ್ಪಿನ ಬೆಟ್ಟ ಅರಣ್ಯ ಜಮೀನು, ಸೊಪ್ಪು ದರಕಿನ ಸೌಲಭ್ಯ ಮಾತ್ರ ನಮ್ಮದು. ಅಲ್ಲಿ ನೋಡಿ, ಫೋಟೋ ತೆಗೆದು ಬನ್ನಿ, ಏನನ್ನೂ ಕೀಳಬೇಡಿ.

ಜಾಗದ ವಿವರ ಎಲ್ಲರಿಗೂ ಕಾಣುವ ಹಾಗೆ ಹಾಕಬಹುದಾ?

ಎಲ್ಲದಕ್ಕೂ ಬೇಡ. ಶ್ರೀಗಂಧ, ಚಿಪ್ಪುಹಂದಿ, ಕಾಡುಪಾಪ, ಸೀತಾಳೆ ಗಿಡ, ಮಂಗಟ್ಟೆಯ ಗೂಡು, ಇವುಗಳ ನಿಖರ ಜಾಗ ನಿಮ್ಮ ಪುಸ್ತಕದಲ್ಲಿ ಮಾತ್ರ ಇರಲಿ. ಕಳ್ಳರಿಗೆ ನಾವೇ ನಕ್ಷೆ ಕೊಟ್ಟ ಹಾಗಾಗಬಾರದು. ಐನ್ಯಾಚುರಲಿಸ್ಟ್ ಅಪಾಯದಲ್ಲಿರುವ ಅನೇಕ ಜಾತಿಗಳ ಜಾಗವನ್ನು ತಾನಾಗಿ ಮಸುಕು ಮಾಡಿ ಸುಮಾರು 20 ಕಿ.ಮೀ. ಅಗಲದ ಚೌಕದೊಳಗೆ ಎಲ್ಲೋ ತೋರಿಸುತ್ತದೆ. ಬೇರೆಯದಕ್ಕೂ ನೀವೇ ಆ ಆಯ್ಕೆ ಒತ್ತಬಹುದು. ಮನೆಯ ಜಾಗ ತೋರಿಸಲು ಇಷ್ಟವಿಲ್ಲದಿದ್ದರೂ ಹಾಗೇ ಮಾಡಿ. ಫೇಸ್‌ಬುಕ್‌ಗೆ ಹಾಕುವಾಗ ಊರಿನ ಹೆಸರು ಬಿಟ್ಟು ಜಿಲ್ಲೆಯ ಹೆಸರಷ್ಟೇ ಸಾಕು.

ನಾಟಿ ಔಷಧಿಯ ಗಿಡಗಳ ಉಪಯೋಗವನ್ನೂ ಬರೆಯಬೇಕಾ?

ಹೇಳಿದವರನ್ನು ಕೇಳಿ. ಅದು ಅವರ ಮನೆತನದ ವಿದ್ಯೆ. ಗಿಡದ ಹೆಸರು ಬರೆಯಿರಿ, ಯಾವುದಕ್ಕೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ಅವರು ಬೇಡ ಅಂದರೆ ಬರೆಯಬೇಡಿ.

ಪಂಚಾಯತಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ನಿಮ್ಮ ಪಂಚಾಯತಿಯ ದಾಖಲಾತಿ ಎಲ್ಲಿದೆ, ನೋಡಲು ಸಿಗುತ್ತದಾ ಅಂತ ಹೋಗಿ ಕೇಳಿ. ಅದರಲ್ಲಿ ನಿಮ್ಮೂರಿನಲ್ಲಿ ಇಲ್ಲದ ಗಿಡ ಇದ್ದರೆ, ಇರುವ ಗಿಡ ಬಿಟ್ಟುಹೋಗಿದ್ದರೆ ಬರವಣಿಗೆಯಲ್ಲಿ ಕೊಡಿ. ನಿಮ್ಮ ಪಟ್ಟಿಯಿಂದ ಯಾವುದನ್ನು ಕೊಡಬೇಕು ಅನ್ನುವುದು ನಿಮಗೆ ಬಿಟ್ಟಿದ್ದು.

ಮಂಗ, ಹಂದಿ, ಕಾಡುಕೋಣ ಬೆಳೆ ಹಾಳು ಮಾಡಿದ್ದನ್ನೂ ಬರೆಯಬೇಕಾ?

ಬರೆಯಲೇಬೇಕು. ಎಷ್ಟು ಗಿಡ, ಯಾವ ದಿನ, ಯಾವ ಕಡೆಯಿಂದ ಬಂತು, ಜೊತೆಗೆ ಫೋಟೋ. ಬೆಳೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಇದೇ ಕೆಲಸಕ್ಕೆ ಬರುತ್ತದೆ. ನಷ್ಟವನ್ನು ಮುಚ್ಚಿಟ್ಟು ಚೆಂದದ್ದನ್ನು ಮಾತ್ರ ಬರೆದರೆ ಅದು ರೈತರ ಜಮೀನಿನ ಪಟ್ಟಿ ಆಗುವುದಿಲ್ಲ.

ಪಟ್ಟಿ ಮುಗಿಯುವುದು ಯಾವಾಗ? ಅದನ್ನು ಉಳಿಸಿಕೊಳ್ಳುವುದು ಹೇಗೆ?

ಮುಗಿಯುವುದಿಲ್ಲ. ಮೊದಲ ವರ್ಷ ಹೊಸ ಹೆಸರು ರಾಶಿ ಬರುತ್ತದೆ, ಆಮೇಲೆ ನಿಧಾನ ಆಗುತ್ತದೆ. ಆಗ ಕೆಲವರು ಬಿಟ್ಟುಬಿಡುತ್ತಾರೆ. ಅಲ್ಲಿಂದ ಮುಂದೆ ಹೊಸ ಹೆಸರು ಹುಡುಕುವ ಬದಲು ಹತ್ತು ಮರ ಆರಿಸಿಕೊಂಡು, ಚಿಗುರು, ಹೂ, ಕಾಯಿ, ಹಣ್ಣು ಯಾವ ವಾರ ಅಂತ ಪ್ರತಿ ವಾರ ಬರೆಯಿರಿ. ಸೀಸನ್‌ವಾಚ್ ಅನ್ನುವ ಯೋಜನೆಯಲ್ಲಿ ದೇಶದ ತುಂಬಾ ಜನ ಇದನ್ನೇ ಮಾಡುತ್ತಿದ್ದಾರೆ, ಶಾಲೆಯ ಮಕ್ಕಳೂ ಇದ್ದಾರೆ.

ವರ್ಷಕ್ಕೊಂದು ಸಲ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ, ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ. ಫೋಟೋದ ಹೆಸರು ‘2025-06-14-ಕೆರೆ-ಕಪ್ಪೆಗೂಡು’ ಅನ್ನುವ ಥರ ಇರಲಿ, ಹುಡುಕಲು ಸುಲಭ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಮನೆಯ ಪ್ರತಿಯನ್ನು ತಗಡಿನ ಡಬ್ಬದಲ್ಲಿ ಹಾಕಿ ಬೆಚ್ಚಗಿನ ಜಾಗದಲ್ಲಿ ಇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಶ್ರಾವಣ ಕಳೆದು ಬಿಸಿಲು ಬಿದ್ದ ದಿನ ಅಂಗಳದ ಚಪ್ಪರದ ನೆರಳಿನಲ್ಲಿ ಹಾಳೆ ಬಿಡಿಸಿ ಗಾಳಿಗೆ ಹಾಕಿ.